ಘಟ್ಟದ ಮನೆಯ ಕಂಚಿನ ತಾಟು

ನಾನು ಚಿಕ್ಕವಳಿದ್ದಾಗ, ಅಂದರೆ ಮೊಮ್ಮಕ್ಕಳೇ, ನಿಮ್ಮಲ್ಲಿ ಎರಡನೆಯವಳಷ್ಟು ಎತ್ತರವಿದ್ದಾಗ, ನನಗೆ ಗೊತ್ತಿದ್ದ ಜಗತ್ತು ಬಹಳ ಸಪಾಟಾಗಿತ್ತು. ಬಸವಕಲ್ಯಾಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಾಳಿಗೆ ಹತ್ತಿ ನಿಂತರೆ ನಾಲ್ಕೂ ಕಡೆ ಹೊಲ, ಹೊಲದ ಕೊನೆಗೆ ಆಕಾಶ. ಒಂದು ಕಡೆ ಹುಲಸೂರಿನ ಸಂತೆ, ಒಂದು ಕಡೆ ಮುಡಬಿಯ ಅತ್ತೆಯ ಮನೆ, ಮತ್ತೊಂದು ಕಡೆ ಹುಮನಾಬಾದಿನ ಬಸ್ ಸ್ಟ್ಯಾಂಡು. ಅದರಾಚೆಗೆ ಏನಿದೆ ಎಂದು ನಾನು ಯಾರನ್ನೂ ಕೇಳಿದವಳಲ್ಲ. ನಾನು ಕಂಡಿದ್ದ ಎಲ್ಲಕ್ಕಿಂತ ಎತ್ತರದ ವಸ್ತುವೆಂದರೆ ಕಲ್ಯಾಣದ ಕೋಟೆಯ ಬುರುಜು. ಅದಕ್ಕಿಂತ ಎತ್ತರದ್ದನ್ನು ದೇವರು ಮಾಡಿರಲಾರ ಎಂದೇ ನಂಬಿದ್ದೆ.

ನನಗೊಬ್ಬಳು ಅಕ್ಕ. ಅವಳನ್ನು ರೈಲ್ವೆಯಲ್ಲಿ ಕೆಲಸಕ್ಕಿದ್ದ ಭಾವನಿಗೆ ಕೊಟ್ಟಿದ್ದರು. ಪುಣೆ ದಾಟಿದ ಮೇಲೆ ಒಂದು ದೊಡ್ಡ ಘಟ್ಟ ಬರುತ್ತದೆ. ಮಳೆಗಾಲದಲ್ಲಿ ಅಲ್ಲಿ ಗುಡ್ಡದ ಕಲ್ಲುಗಳು ಉರುಳಿ ಹಳಿಯ ಮೇಲೆ ಬೀಳುತ್ತವೆ. ಹಾಗೆ ಬಿದ್ದಿವೆಯೋ ಇಲ್ಲವೋ ಎಂದು ಬೆಳಗಿನಿಂದ ಹಳಿಯ ಗುಂಟ ನಡೆದು ನೋಡುವುದು ಭಾವನ ಕೆಲಸ. ಅವನ ಮನೆಯೂ ಅಲ್ಲೇ, ಘಟ್ಟದ ನಡುವೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಹಿಂದಿನ ವರ್ಷದ ನಾಗರ ಪಂಚಮಿಗೆ ಅಪ್ಪನಿಗೆ ಜ್ವರ ಬಂದು ಅಕ್ಕನನ್ನು ಕರೆಯಲು ಯಾರೂ ಹೋಗಿರಲಿಲ್ಲ. ಅವಳು ಬರಲಿಲ್ಲ. ಆ ವರ್ಷ ಅವ್ವ ಬೇವಿನ ಮರಕ್ಕೆ ಜೋಕಾಲಿಯನ್ನೇ ಕಟ್ಟಿಸಲಿಲ್ಲ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ತಾವಾಗಿ ಬರುವಂತಿರಲಿಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ನಮ್ಮ ಮನೆಯಲ್ಲಿ ಗಂಡುಮಕ್ಕಳೇ ಇರಲಿಲ್ಲ. ಹಾಗಾಗಿ ಮರುವರ್ಷದ ಪಂಚಮಿಗೆ ನಾನು ಹಟ ಹಿಡಿದೆ, ಅಪ್ಪನ ಜೊತೆ ನಾನೂ ಹೋಗುತ್ತೇನೆಂದು ಎರಡು ದಿನ ಊಟ ಬಿಟ್ಟೆ. ನಿಜ ಹೇಳಬೇಕೆಂದರೆ ಒಂದೇ ದಿನ, ಅದೂ ಸಂಜೆಯವರೆಗೆ. ಕೊನೆಗೆ ಅವ್ವ ನಕ್ಕು ಅಪ್ಪನ ಹಳೆಯ ಬಿಳಿ ಪಟಕಾವನ್ನು ನನ್ನ ಎರಡು ಜಡೆಗಳ ಮೇಲೆ ಸುತ್ತಿದಳು.

"ಈ ಸಲ ನೀನೇ ಅಣ್ಣ. ಅಕ್ಕನ್ನ ಕರಕೊಂಡೇ ಬರಬೇಕು, ಖಾಲಿ ಕೈಲೆ ಬರಬ್ಯಾಡ," ಎಂದಳು.

ಅವ್ವ ತಮಾಷೆಗೆ ಅಂದಳು. ನಾನು ತಮಾಷೆ ಎಂದುಕೊಳ್ಳಲಿಲ್ಲ. ಆ ಪಟಕಾವನ್ನು ಮಲಗುವಾಗಲೂ ಬಿಚ್ಚಲಿಲ್ಲ.

ಆಗ ಹುಮನಾಬಾದಿಗೆ ರೈಲು ಬಂದಿರಲಿಲ್ಲ. ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಗುಲಬರ್ಗಾಕ್ಕೆ ಹೋಗಿ ರೈಲು ಹತ್ತಬೇಕು. ಗುಲಬರ್ಗಾದ ದಾರಿಯಲ್ಲಿ ಬಸ್ಸು ಒಂದು ಇಳಿಜಾರಿನಲ್ಲಿ ತಿರುಗಿ ತಿರುಗಿ ಇಳಿಯಿತು. ನಾನು ಅಪ್ಪನ ತೋಳು ಹಿಡಿದು, "ಅಪ್ಪಾ, ಇದೇ ಏನು ಗುಡ್ಡ?" ಎಂದು ಕೇಳಿದೆ. ಅಪ್ಪ ಮೀಸೆಯೊಳಗೇ ನಕ್ಕು, "ಇದು ಗುಡ್ಡದ ಕೂಸು," ಎಂದ. ಇದು ಕೂಸಾದರೆ ಇದರ ಅವ್ವ ಎಷ್ಟಿರಬೇಕು ಎಂದು ಯೋಚಿಸುತ್ತಾ ಯೋಚಿಸುತ್ತಾ ರೈಲಿನಲ್ಲಿ ನಿದ್ದೆ ಹೋದೆ.

ಕಣ್ಣು ಬಿಟ್ಟಾಗ ಪುಣೆ. ಅಲ್ಲಿ ಹೊಗೆಯ ಇಂಜಿನ್ನು ಬಿಟ್ಟುಹೋಗಿ, ಹೊಗೆಯೇ ಇಲ್ಲದ ಕರೆಂಟಿನ ಇಂಜಿನ್ನು ಬಂದು ಸೇರಿಕೊಂಡಿತು. ಡಬ್ಬಿಯಲ್ಲಿದ್ದ ಜನರೆಲ್ಲ ಇಳಿದು ಹೋದರು. ಉಳಿದವರು ನಾವಿಬ್ಬರು, ಮತ್ತೆ ಬಾಳೆಹಣ್ಣಿನ ಖಾಲಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಮರಾಠಿ ಅಜ್ಜಿ. ಚಹಾ ಮಾರುವವನು ನಮ್ಮನ್ನು ನೋಡಿ, "ಅಬ್ ಸೀಜನ್ ನಹೀ ಹೈ, ಬಾಬಾ," ಎಂದು ಮರುಕಪಟ್ಟು ಹೋದ. ಸೀಜನ್ ಎಂದರೇನು ಎಂದು ಅಪ್ಪನನ್ನು ಕೇಳಿದೆ.

"ಸುಗ್ಗಿ ಇದ್ದಂಗ. ಬ್ಯಾಸಗ್ಯಾಗ ದೊಡ್ಡ ಮಂದಿ ತಂಪಿಗಂತ ಗುಡ್ಡಕ್ಕ ಬರ್ತಾರ. ಈಗ ಮಳಿ ಹಚ್ಚದ, ಅವರ ಸುಗ್ಗಿ ಮುಗದದ," ಎಂದ ಅಪ್ಪ.

ಯಾರೂ ಬರದ ಕಾಲದಲ್ಲಿ ನಾವು ಹೊರಟಿದ್ದೆವು. ಇಡೀ ಡಬ್ಬಿ ನನ್ನದೇ. ನಾನು ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡಿದೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ತಿನ್ನಲು ಮುರಿದರೆ ಅದು ಮುರಿಯಲಿಲ್ಲ, ಬಟ್ಟೆಯ ಹಾಗೆ ಮಡಿಚಿತು. ನಮ್ಮೂರಿನಲ್ಲಿ ತಿಂಗಳಾದರೂ ಕಟಕಟ ಎನ್ನುವ ರೊಟ್ಟಿ ಒಂದೇ ಬೆಳಗಿನಲ್ಲಿ ಮೆತ್ತಗಾಗಿತ್ತು. ಅಲ್ಲಿಯ ಗಾಳಿಯೇ ಬೇರೆ ಎಂದು ನನಗೆ ಮೊದಲು ಹೇಳಿದ್ದು ಆ ರೊಟ್ಟಿ.

ಆಮೇಲೆ ದೂರದಲ್ಲಿ ಕಪ್ಪಗೆ ಏನೋ ಕಂಡಿತು. ಮಳೆಯ ಮೋಡ ಎಂದುಕೊಂಡೆ. ಮುಂದಿದ್ದ ಬಿಳಿ ಮೋಡ ಸರಿಯಿತು, ಆದರೆ ಆ ಕಪ್ಪಾದದ್ದು ಸರಿಯಲಿಲ್ಲ. ಅಲ್ಲೇ ನಿಂತಿತ್ತು. ರೈಲು ಹತ್ತಿರ ಹೋದ ಹಾಗೆಲ್ಲ ಮೇಲಕ್ಕೆ ಮೇಲಕ್ಕೆ ಬೆಳೆಯಿತು. ಮೈಮೇಲೆ ಗಿಡ, ಬಂಡೆ, ಹುಲ್ಲು ಕಾಣತೊಡಗಿದವು. ಆಗ ನನಗೆ ತಿಳಿಯಿತು, ಇದೇ ಗುಡ್ಡ. ಕಲ್ಯಾಣದ ಕೋಟೆಯನ್ನು ಎತ್ತಿ ಅದರ ಮಡಿಲಲ್ಲಿಟ್ಟರೆ ಹುಡುಕಬೇಕಾಗುತ್ತಿತ್ತು. ಆಕಾಶ ಎಲ್ಲಿದೆ ಎಂದು ನೋಡಲು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಮೇಲೆ ನೋಡಬೇಕಾಯಿತು. ನನಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು, ಯಾಕೋ ಅಳುವೂ ಬಂತು.

ಎಲ್ಲ ಕಡೆಯಿಂದ ನೀರು ಬೀಳುತ್ತಿತ್ತು. ಎಂಟು ಮಾರು ಹಗ್ಗ ಬಿಟ್ಟು ಸೇದಿದರೆ ಅರ್ಧ ಕೊಡ ನೀರು ಕೊಡುವ ಬಾವಿಯ ಊರಿನವಳು ನಾನು. ಇಲ್ಲಿ ನೀರು ಯಾರೂ ಕೇಳದೆ, ಯಾರಿಗೂ ಬೇಡವಾಗಿ, ಬೆಳ್ಳಗೆ ಸುರಿಯುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದವನು, "ಇದರಾಗ ಒಂದೇ ಒಂದು ನಮ್ಮ ಹೊಲಕ್ಕ ಬಿದ್ದಿದ್ರ," ಎಂದು ಅಷ್ಟಕ್ಕೇ ನಿಲ್ಲಿಸಿದ. ಅಷ್ಟರಲ್ಲಿ ರೈಲು ಗುಡ್ಡದ ಹೊಟ್ಟೆಯೊಳಗೆ ನುಗ್ಗಿತು. ಸುರಂಗದಲ್ಲಿ ಕತ್ತಲೆ, ಒದ್ದೆ ಕಲ್ಲಿನ ವಾಸನೆ, ಕಿವಿ ಮುಚ್ಚಿಹೋಗುವಷ್ಟು ಸದ್ದು. ಅಣ್ಣನಾಗಿ ಹೊರಟಿದ್ದ ನಾನು ಅಪ್ಪನ ಧೋತರದಲ್ಲಿ ಮುಖ ಮುಚ್ಚಿಕೊಂಡೆ. ಇದನ್ನು ಯಾರಿಗೂ ಹೇಳಬೇಡಿ.

ಸುರಂಗದಿಂದ ಹೊರಗೆ ಬಂದ ಕೂಡಲೇ ಆ ಮರಾಠಿ ಅಜ್ಜಿ ನನ್ನ ಕಡೆ ಕೈ ಮಾಡಿ ಕೂಗಿದಳು. "ಢಗ ಆಲಾ ಗ ಪೋರಿ, ಖಿಡಕೀ ಲಾವ!"

ನನಗೆ ಮರಾಠಿ ಅಷ್ಟಕ್ಕಷ್ಟೆ. ಖಿಡಕಿ ಎಂದರೆ ಕಿಟಕಿ ಎಂದು ಗೊತ್ತಿತ್ತು. ಢಗ ಎಂದದ್ದನ್ನು ನಾನು ಧಗಿ ಎಂದುಕೊಂಡೆ. ನಮ್ಮಲ್ಲಿ ಧಗಿ ಎಂದರೆ ಸೆಕೆ, ನಿಮಗೇ ಗೊತ್ತಲ್ಲ. ಧಗಿ ಬಂದರೆ ಯಾರಾದರೂ ಕಿಟಕಿ ತೆರೆಯುವುದಲ್ಲದೆ ಮತ್ತೇನು ಮಾಡುತ್ತಾರೆ? ಪಾಪ, ಅಜ್ಜಿಗೆ ಸೆಕೆಯಾಗುತ್ತಿದೆ ಎಂದು ನಾನು ಅರ್ಧ ಇಳಿಸಿದ್ದ ಕಿಟಕಿಯನ್ನು ಪೂರ್ತಿ ಮೇಲೆತ್ತಿದೆ. ಅವಳು ಇನ್ನೂ ಜೋರಾಗಿ ಕೂಗಿದಳು. ಇನ್ನೂ ಸೆಕೆ ಎಂದುಕೊಂಡು ಪಕ್ಕದ ಎರಡು ಕಿಟಕಿಗಳನ್ನೂ ಎತ್ತಿದೆ.

ಮೋಡ ಒಳಗೆ ಬಂತು. ಹೌದು ಮಕ್ಕಳೇ, ಮೋಡವೇ. ಮರಾಠಿಯಲ್ಲಿ ಢಗ ಎಂದರೆ ಮೋಡ, ಖಿಡಕೀ ಲಾವ ಎಂದರೆ ಕಿಟಕಿ ಮುಚ್ಚು. ಮೊದಲು ಬಿಳಿಯ ಒಂದು ಎಳೆ, ಆಮೇಲೆ ಕಿಟಕಿ ತುಂಬ. ಎದುರಿಗಿದ್ದ ಅಜ್ಜಿ ಕಾಣದಾದಳು, ಅವಳ ಬೈಗುಳ ಮಾತ್ರ ಕೇಳುತ್ತಿತ್ತು. ನನ್ನ ಕೈ ನನಗೇ ಕಾಣಲಿಲ್ಲ. ಬಾಯಿ ತೆರೆದರೆ ನಾಲಿಗೆಯ ಮೇಲೆ ತಣ್ಣಗೆ. ರೆಪ್ಪೆಯ ಮೇಲೆ ಹನಿ. ಮೇಲೆ ಎಲ್ಲೋ ಹೋಗುತ್ತಿದ್ದ ಮೋಡ ನನ್ನ ಪಟಕಾದೊಳಗೆ ಹೊಕ್ಕು ಜಡೆ ತೋಯಿಸಿತ್ತು. ಅದು ಆಚೆ ಕಿಟಕಿಯಿಂದ ಹೊರಗೆ ಹೋದ ಮೇಲೆ ನಾವು ಮೂವರೂ ತೊಯ್ದು ತೊಪ್ಪೆಯಾಗಿದ್ದೆವು. ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಘಟ್ಟದ ನಡುವಿನ ಆ ಪುಟ್ಟ ನಿಲ್ದಾಣದಲ್ಲಿ ಇಳಿದವರು ನಾವಿಬ್ಬರೇ. ಎದುರಿನ ಗುಡ್ಡದ ಮೇಲೆ ದೊಡ್ಡವರ ಬಂಗಲೆಗಳಿದ್ದವು, ಎಲ್ಲಕ್ಕೂ ಬೀಗ. ಚಹಾದಂಗಡಿಗೆ ತಾಡಪತ್ರಿ ಹೊದಿಸಿ ಕಟ್ಟಿದ್ದರು. ಹಳಿಯ ಕೆಳಗೆ ಒಂದು ಕಾಲುದಾರಿ ಇಳಿಯುತ್ತಿತ್ತು. ಅದರ ಪಕ್ಕಕ್ಕೇ ತಳ ಕಾಣದ ಕೊಳ್ಳ. ದಾರಿಯ ಕೊನೆಗೆ ಆರು ಮನೆಗಳ ಒಂದು ಸಾಲು, ಅದರ ತುದಿಯ ಮನೆಯ ಬಾಗಿಲಲ್ಲಿ ನನ್ನ ಅಕ್ಕ ನಿಂತಿದ್ದಳು.

ಅವಳು ನನ್ನ ಪಟಕಾ ನೋಡಿ ನಕ್ಕಳು, ಆಮೇಲೆ ಅಪ್ಪಿಕೊಂಡು ಅತ್ತಳು. ಅವ್ವನ ಅಳ್ಳಿಟ್ಟಿನ ಉಂಡೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿದಳು, ತಿನ್ನಲಿಲ್ಲ. ನಾನು ಸೊಂಟಕ್ಕೆ ಕೈಯಿಟ್ಟು, "ನಾ ಕರಿಯಾಕ ಬಂದೀನಿ. ನಾಳಿ ಮುಂಜಾನೆ ರೈಲಿಗೆ ಹೋಗಮು. ಅರಿವಿ ಕಟ್ಟಿಕೋ," ಎಂದೆ.

ಅಕ್ಕ ಅಪ್ಪನ ಮುಖ ನೋಡಿದಳು. "ನಾ ಹ್ಯಾಂಗ ಬರ್ಲಿ ಅಪ್ಪಾ?" ಎಂದಳು.

ಬಾಗಿಲ ಚೌಕಟ್ಟಿಗೆ ಒಂದು ಕಂಚಿನ ತಾಟು ನೇತುಹಾಕಿತ್ತು. ಮದುವೆಯಲ್ಲಿ ಅವ್ವ ಕೊಟ್ಟಿದ್ದ ತಾಟು, ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅದರಲ್ಲಿ ಉಣ್ಣುವುದು ಬಿಟ್ಟು ಬಾಗಿಲಿಗೆ ಯಾಕೆ ಕಟ್ಟಿದ್ದಾಳೆ ಎಂದು ಸಿಟ್ಟೂ ಬಂದಿತ್ತು. ಅಕ್ಕ ಅದನ್ನು ತೋರಿಸಿ ಹೇಳಿದಳು. ನಾಲ್ಕು ಗಂಟೆಗೆ ಭಾವ ಮತ್ತು ಅವನ ಜೊತೆಯ ಐವರು ಕೆಲಸ ಮುಗಿಸಿ ಆ ಕಾಲುದಾರಿಯಿಂದ ಇಳಿಯುತ್ತಾರೆ. ದಿನವೂ ಅದೇ ಹೊತ್ತಿಗೆ ಮೋಡ ಬಂದು ಕೂರುತ್ತದೆ. ದಾರಿ ಯಾವುದು, ಕೊಳ್ಳ ಯಾವುದು ತಿಳಿಯುವುದಿಲ್ಲ. ಆಗ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ತಾಟು ಬಡಿಯುತ್ತಾರೆ. ಆ ಸದ್ದು ಕೇಳುತ್ತ ಗಂಡಸರು ಹೆಜ್ಜೆ ಇಡುತ್ತಾರೆ.

"ಉಳಿದವರೆಲ್ಲಾ ಹಬ್ಬಕ್ಕ ತವರಿಗೆ ಹೋಗ್ಯಾರ. ಅವರ ಅಣ್ಣಗೋಳು ಮೊದಲೇ ಬಂದ್ರು. ಈಗ ಬಡಿಯಾಕ ನಾ ಒಬ್ಬಾಕೇ ಉಳದೇನಿ," ಎಂದಳು ಅಕ್ಕ.

ಅಪ್ಪ ತಾಟನ್ನು ಒಮ್ಮೆ ಮುಟ್ಟಿ ನೋಡಿ ತಲೆಯಾಡಿಸಿದ. ನಾನು ಒಪ್ಪಲಿಲ್ಲ. ಏನೇನೋ ಅಂದೆ. ಅವ್ವ ಜೋಕಾಲಿ ಕಟ್ಟಿಸಿ ಕಾಯಾಕತ್ತಾಳ, ನಿನಗ ಅವ್ವ ಬ್ಯಾಡಾಗ್ಯಾಳ, ನೀ ಭಾಳ ಕೆಟ್ಟಾಕಿ ಎಂದೆಲ್ಲ ಕೂಗಾಡಿ ಪಟಕಾ ಬಿಚ್ಚಿ ನೆಲಕ್ಕೆ ಎಸೆದು ಮೂಲೆಯಲ್ಲಿ ಕುಳಿತೆ. ಅಕ್ಕ ಅದನ್ನು ಎತ್ತಿ, ನೀರು ಹಿಂಡಿ, ಒಲೆಯ ಹತ್ತಿರ ಒಣಗಲು ಹರವಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಳೆಯಿತು. ಅಕ್ಕ ಕೊಡ ತೆಗೆದುಕೊಂಡು ಮನೆಯ ಹಿಂದಿನ ಝರಿಗೆ ನೀರಿಗೆ ಹೊರಟಳು, ಇನ್ನೊಂದು ಕೊಡ ಹಿಡಿದು ಅಪ್ಪನೂ ಹೊರಟ. ರೈಲಿನ ಕಥೆಯನ್ನು ಅಪ್ಪ ಅವಳಿಗೆ ಹೇಳಿಬಿಟ್ಟಿದ್ದ. ಅವಳು ಹೋಗುತ್ತಾ ಬಾಗಿಲಲ್ಲಿ ತಿರುಗಿ, "ಢಗ ಬಂದ್ರ ತಾಟು ಬಡಿ. ಖಿಡಕಿ ತಗೀಬ್ಯಾಡ!" ಎಂದು ಅಣಕಿಸಿದಳು. ನಾನು ಮುಖ ತಿರುಗಿಸಿದೆ.

ಅವರು ಹೋಗಿ ಸ್ವಲ್ಪ ಹೊತ್ತಾಗಿರಬೇಕು. ಬಾಗಿಲಿನ ಬೆಳಕು ಮಂಕಾಯಿತು. ಎದ್ದು ನೋಡಿದರೆ ಎದುರಿನ ಗುಡ್ಡ ಇರಲಿಲ್ಲ. ಬೀಗ ಹಾಕಿದ ಬಂಗಲೆಗಳಿರಲಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಹಳಿ ಹೋಯಿತು, ಕಾಲುದಾರಿ ಹೋಯಿತು, ಅಂಗಳದ ತುದಿಯ ಗಿಡ ಹೋಯಿತು. ಅಷ್ಟು ದೊಡ್ಡ ಗುಡ್ಡವನ್ನು ಮೋಡ ಏನೂ ಸದ್ದಿಲ್ಲದೆ ಅಳಿಸಿಬಿಟ್ಟಿತ್ತು. ನಮ್ಮೂರಿನಲ್ಲಿ ಮಾಳಿಗೆ ಹತ್ತಿದರೆ ಯಾರು ಎಲ್ಲಿ ಬರುತ್ತಿದ್ದಾರೆ ಎಂದು ಎರಡು ಊರಿನಾಚೆಯಿಂದ ಕಾಣುತ್ತಿತ್ತು. ಇಲ್ಲಿ ಅಪ್ಪ, ಅಕ್ಕ, ಭಾವ ಎಲ್ಲರೂ ಆ ಬಿಳಿಯ ಒಳಗೆ ಎಲ್ಲೋ ಇದ್ದರು. "ಅಕ್ಕಾ!" ಎಂದು ಕೂಗಿದೆ. ನನ್ನ ದನಿ ಹತ್ತಿಯಲ್ಲಿ ಬಿದ್ದಂತಾಗಿ ಅಲ್ಲೇ ನಿಂತಿತು.

ನಾನು ಸೌಟು ತೆಗೆದುಕೊಂಡು ತಾಟು ಬಡಿದೆ. ಢಣ್ ಎಂದಿತು. ನನ್ನ ಕೂಗು ದಾಟದ ಕಡೆಗೆ ಆ ಸದ್ದು ದಾಟಿ ಹೋಯಿತು. ಗುಡ್ಡಕ್ಕೆ ತಾಗಿ ತಿರುಗಿ ಬಂತು. ಗುಡ್ಡ ಅಲ್ಲೇ ಇದೆ ಎಂದು ನನಗೆ ಧೈರ್ಯ ಬಂತು. ಬಡಿದೆ, ಬಡಿದೆ. ಮೊದಲು ಮನೆಯ ಮಗ್ಗುಲಿನಿಂದ ಅಕ್ಕ ಬಂದಳು, ಹಿಂದೆಯೇ ಅಪ್ಪ. ಅಕ್ಕ ಕೊಡ ಇಳಿಸಿ ನನ್ನ ಕಡೆ ನೋಡಿದಳು. ಸೌಟು ಕಸಿದುಕೊಳ್ಳುತ್ತಾಳೆ ಎಂದುಕೊಂಡೆ, ಕಸಿದುಕೊಳ್ಳಲಿಲ್ಲ. ನನ್ನ ಹಿಂದೆ ನಿಂತು, "ನಿಲ್ಲಸಬ್ಯಾಡ. ಎಣಸು," ಎಂದಳು.

ಒದ್ದೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಬಿಳಿಯೊಳಗಿಂದ ಮೂಡಿ ಬಂದ. ಒಂದು. ಅವನ ಹಿಂದೆ ಇನ್ನಿಬ್ಬರು. ಮೂರು. ಒಬ್ಬ ನನ್ನನ್ನು ನೋಡಿ ಹಣೆಗೆ ಕೈ ಹಚ್ಚಿ ಸಲಾಮು ಮಾಡಿದ. ನಾಲ್ಕು. ಐದು. ಆಮೇಲೆ ಯಾರೂ ಬರಲಿಲ್ಲ. ಐದನೆಯವನು, ಸುರಂಗದ ಬಾಯಿಯಲ್ಲಿ ಸಡಿಲವಾಗಿದ್ದ ಒಂದು ಕಲ್ಲು ನೋಡಲು ಭಾವ ಹಿಂದೆ ಉಳಿದಿದ್ದಾನೆ ಎಂದ. ಅಕ್ಕನ ಕೈ ನನ್ನ ಭುಜದ ಮೇಲಿತ್ತು. ಅವಳು ಐದಕ್ಕೇ ನಿಂತು, ಮತ್ತೆ ಒಂದರಿಂದ ಎಣಿಸತೊಡಗಿದಳು. ದಿನವೂ ಅವಳು ಹೀಗೆ ನಿಲ್ಲುತ್ತಾಳೆ ಎಂದು ಆಗ ನನಗೆ ಹೊಳೆಯಿತು. ತೋಳು ಸೋತು ಹೋಯಿತು, ಎರಡೂ ಕೈಯಲ್ಲಿ ಸೌಟು ಹಿಡಿದು ಬಡಿದೆ. ಭಾವ ಬಾರದಿದ್ದರೆ ಅದು ನನ್ನದೇ ತಪ್ಪು ಎನ್ನುವ ಹಾಗೆ ಬಡಿದೆ.

ಮೊದಲು ಒಂದು ಕೆಂಪು ಬಾವುಟ ಕಂಡಿತು. ಅದರ ಹಿಂದೆ ಭಾವ. ಮೈಯೆಲ್ಲ ಕೆಸರು, ಬಾಯಿ ತುಂಬ ನಗು.

"ಯಾರ್ರಿ ಇದು, ಇಷ್ಟು ಜೋರು ಬಡಿಯಾಕತ್ತಾರ? ಸತ್ತವರೂ ಎದ್ದು ಬರಬೇಕು ನೋಡ್ರಿ!" ಎಂದ.

ನಾನು ಸೌಟು ಕೆಳಗಿಟ್ಟು ಅಕ್ಕನ ಸೀರೆಯಲ್ಲಿ ಮುಖ ಹುದುಗಿಸಿದೆ. "ನೀ ಬರಬ್ಯಾಡ. ಅವ್ವಗ ನಾ ಹೇಳ್ತೀನಿ," ಎಂದೆ. ಆ ಇಡೀ ದಿನ ನಾನು ಕಂಡ ಗುಡ್ಡ, ನೀರು, ಸುರಂಗ ಎಲ್ಲ ನಿಜಕ್ಕೂ ದೊಡ್ಡವು. ಆದರೆ ಅವುಗಳ ನಡುವೆ ದಿನವೂ ಒಂದು ತಾಟು ಹಿಡಿದು ನಿಲ್ಲುವ ನನ್ನ ಅಕ್ಕನನ್ನು ನೋಡಿ ನನಗೆ ಬೆರಗಾದಷ್ಟು ಬೇರೆ ಯಾವುದರಿಂದಲೂ ಆಗಲಿಲ್ಲ.

ಮರುದಿನ ನಾವಿಬ್ಬರೇ ರೈಲು ಹತ್ತಿದೆವು. ನಮ್ಮೂರಿನ ಬಸ್ಸು ನಿಲ್ಲುವ ಕಡೆ ಅವ್ವ ನಿಂತಿದ್ದಳು. ನಾನು ಇಳಿದೆ, ಅಪ್ಪ ಇಳಿದ. ಅವ್ವ ಇನ್ನೂ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದಳು. ನಾನು ಪಟಕಾ ಬಿಚ್ಚಿ ಅವಳ ಕೈಗಿತ್ತು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ಎಷ್ಟು ಹೊತ್ತಿಗೆ ಬಡಿತಾಳಂದಿ?" ಎಂದಷ್ಟೇ ಕೇಳಿದಳು. ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ನಮ್ಮ ಜೋಕಾಲಿ ಆಡಲು ಬಂದಿದ್ದರು. ನಾಲ್ಕು ಗಂಟೆಗೆ ಅವ್ವ ಜೋಕಾಲಿಯಿಂದ ಇಳಿದು ಒಳಗೆ ಹೋದಳು, ಒಂದು ತಾಟು ತಂದು ಪಡುವಣಕ್ಕೆ ಮುಖ ಮಾಡಿ ನಿಂತು ಬಡಿದಳು. ಜನ ನಕ್ಕರು. ನಾನು ನಗಲಿಲ್ಲ, ಆರರವರೆಗೆ ಎಣಿಸಿದೆ.

ಈಗ ನಾವಿರುವ ಈ ಹುಮನಾಬಾದಿಗೇ ರೈಲು ಬಂದಿದೆ. ಹೋದ ಮಳೆಗಾಲದಲ್ಲಿ ಇಲ್ಲೇ ಹತ್ತಿ, ಕಲಬುರ್ಗಿಯಲ್ಲಿ ಬದಲಿಸಿ, ನಿಮ್ಮನ್ನು ಅದೇ ಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆನಲ್ಲ. ಈಗ ಮಳೆಗಾಲವೂ ಸೀಜನ್ನೇ ಆಗಿದೆ, ನಿಲ್ಲಲು ಜಾಗವಿರಲಿಲ್ಲ. ನಮ್ಮ ತಣ್ಣನೆಯ ಡಬ್ಬಿಯಲ್ಲಿ ಕಿಟಕಿಗೆ ಗಾಜು ಜಡಿದಿತ್ತು. ಮೋಡ ಬಂದು ಗಾಜಿಗೆ ಮುಖ ಒತ್ತಿ ನಮ್ಮನ್ನು ನೋಡಿ ಹೋಯಿತು. ನೀವು ಫೋನಿನಲ್ಲಿ ಅದರ ವಿಡಿಯೋ ಹಿಡಿದಿರಿ, ನಿಮ್ಮ ಅಪ್ಪನಿಗೆ ಕೂತಲ್ಲಿಂದಲೇ ಕಳಿಸಿದಿರಿ. ಆಗ ಅಷ್ಟು ಬೇಗ ನಮ್ಮ ಸುದ್ದಿ ಅವ್ವನಿಗೆ ಮುಟ್ಟುವಂತಿದ್ದರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಆದರೆ ನಿಮ್ಮ ನಾಲಿಗೆಯ ಮೇಲೆ ಮೋಡ ಕೂರಲಿಲ್ಲವಲ್ಲ ಎಂದು ಮರುಕವೂ ಆಯಿತು.

ಎಷ್ಟೋ ವರ್ಷಗಳ ಹಿಂದೆ, ಭಾವ ರೈಲ್ವೆಯಿಂದ ನಿವೃತ್ತನಾದ ಮೇಲೆ, ಅಕ್ಕ ಒಂದು ಪಂಚಮಿಗೆ ತಾನಾಗಿಯೇ ಬಂದಳು. ಕರೆಯಲು ಯಾರೂ ಹೋಗಿರಲಿಲ್ಲ. ಗಂಟು ಬಿಚ್ಚಿ ತಾಟನ್ನು ನನ್ನ ಮಡಿಲಲ್ಲಿಟ್ಟು, "ಇನ್ನ ನೀ ಬಡಿ," ಎಂದಳು. ಅವಳು ಈಗಿಲ್ಲ. ಆ ತಾಟು ಯಾವುದೆಂದು ನಿಮಗೆ ಗೊತ್ತೇ ಇದೆ. ನಡುವೆ ತಗ್ಗು ಬಿದ್ದಿದೆ, ಅಂಚು ಒಂದು ಕಡೆ ಸೀಳಿದೆ. ಸಂಜೆ ನೀವು ನಾಲ್ವರೂ ಸ್ಟೇಶನ್ ಕಡೆಯ ಬಯಲಿನಲ್ಲಿ ಆಡುತ್ತಿರುವಾಗ ನಾನು ಬಾಗಿಲಲ್ಲಿ ನಿಂತು ಅದನ್ನು ಬಡಿಯುತ್ತೇನೆ. "ಫೋನ್ ಮಾಡಬಾರದೇನ್ ಅಜ್ಜಿ, ಮಂದಿ ನಗ್ತಾರ," ಎಂದು ನೀವು ಮುಖ ಸಿಂಡರಿಸುತ್ತೀರಿ. ನಗಲಿ ಬಿಡಿ. ನಮ್ಮ ಹುಮನಾಬಾದಿನಲ್ಲಿ ಇರುವುದು ಧಗಿ, ಢಗ ಅಲ್ಲ, ನೀವು ಬರುವುದು ನನಗೆ ದೂರದಿಂದಲೇ ಕಾಣುತ್ತದೆ. ಆದರೂ ಎಣಿಸುತ್ತೇನೆ. ಒಂದು, ಎರಡು, ಮೂರು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಯಾವಾಗಲೂ ಏನನ್ನೋ ನೋಡುತ್ತ ಹಿಂದೆ ಉಳಿಯುತ್ತಾನೆ. ಅವನು ಹೊಸ್ತಿಲು ದಾಟುವವರೆಗೆ ನಾನು ಬಡಿಯುವುದನ್ನು ನಿಲ್ಲಿಸುವುದಿಲ್ಲ.